ಕಾರ್ಬೆಟ್, ಕಿಜ್ಮೀಕಿಯಾ

(1986– ) ಅಮೆರಿಕದ ಪ್ರತಿರಕ್ಷಾ ವಿಜ್ಞಾನಿ. ಕೋವಿಡ್-19 ವಿರುದ್ಧದ ಮಾಡರ್ನಾ ಲಸಿಕೆಯ ರೂವಾರಿಗಳಲ್ಲಿ ಒಬ್ಬರು. ಹುಟ್ಟಿದ್ದು ಉತ್ತರ ಕೆರೊಲಿನಾ ರಾಜ್ಯದಲ್ಲಿ, ಜನವರಿ 26ರಂದು. ಶ್ರೀಲಂಕಾದ ಮಕ್ಕಳಲ್ಲಿ ಡೆಂಗಿ ಸೋಂಕಿನ ನಂತರ ಮೂಡುವ ಪ್ರತಿಕಾಯಗಳನ್ನು ಅಧ್ಯಯನ ಮಾಡಿ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಿಂದ 2014ರಲ್ಲಿ ಪಿಎಚ್.ಡಿ. ಪಡೆದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲಸಿಕೆ ಸಂಶೋಧನಾ ಕೇಂದ್ರಕ್ಕೆ ಸೇರಿ, ಬಾರ್ನಿ ಗ್ರಹಾಂ ಅವರ ಪ್ರಯೋಗಾಲಯದಲ್ಲಿ ಕೊರೊನಾ ವೈರಸ್ ಲಸಿಕೆಗಳ ಸಂಶೋಧನೆಗೆ ತೊಡಗಿದರು.

ಕೊರೊನಾ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನು ಜೀವಕೋಶಕ್ಕೆ ಅಂಟಿಕೊಂಡಾಗ ಆಕಾರ ಬದಲಿಸುತ್ತದೆ. ಎರಡು ಕಡೆ ಮೂಲ ಅಮೈನೊ ಆಮ್ಲದ ಬದಲು ಪ್ರೋಲೀನ್ ಎಂಬ ಅಮೈನೊ ಆಮ್ಲವನ್ನು ಇರಿಸಿದರೆ ಅದು ಮೂಲ ಆಕಾರದಲ್ಲೇ ಸ್ಥಿರವಾಗಿ ನಿಲ್ಲುತ್ತದೆ, ಪರಿಣಾಮಕಾರಿ ಪ್ರತಿಕಾಯಗಳನ್ನು ಹೆಚ್ಚು ಪ್ರಚೋದಿಸುತ್ತದೆ. ಮರ್ಸ್ ಎಂಬ ಮತ್ತೊಂದು ಕೊರೊನಾ ವೈರಸ್ಸಿನ ಮೇಲೆ ನಡೆದ ಈ ಸಂಶೋಧನೆಯಲ್ಲಿ ಕಾರ್ಬೆಟ್ ಪಾಲುದಾರರು. 2020ರ ಜನವರಿಯಲ್ಲಿ ಕೋವಿಡ್-19ರ ಹೊಸ ವೈರಸ್ಸಿನ ಜೀನೋಮ್ ಪ್ರಕಟವಾದಾಗ ಇದೇ ವಿಧಾನ ಕೈಗೆ ಒದಗಿತು. ಮಾರ್ಚ್ 16ರಂದು ಸಿಯಾಟಲ್‌ನಲ್ಲಿ ಮಾಡರ್ನಾ ಲಸಿಕೆಯ ಮಾನವ ಪ್ರಯೋಗ ಆರಂಭವಾಯಿತು. ಮೂರನೆಯ ಹಂತದ ಪ್ರಯೋಗದಲ್ಲಿ ಲಸಿಕೆಯ ಪರಿಣಾಮಕಾರಿತ್ವ ಶೇ. 94.1 ಎಂದು ಕಂಡುಬಂದಿತು. ಡಿಸೆಂಬರ್ 18ರಂದು ಅಮೆರಿಕದಲ್ಲಿ ತುರ್ತು ಬಳಕೆಗೆ ಅನುಮತಿ ದೊರೆಯಿತು.

ಲಸಿಕೆ ಪಡೆಯಲು ಹಿಂಜರಿಯುತ್ತಿದ್ದ ಕಪ್ಪು ಜನಸಮುದಾಯದೊಂದಿಗೆ ನೇರವಾಗಿ ಮಾತನಾಡಿ, ಅವರ ಅನುಮಾನಗಳಿಗೆ ಗೌರವದಿಂದ ಉತ್ತರಿಸಿದ್ದು ಕಾರ್ಬೆಟ್ ಅವರ ಮತ್ತೊಂದು ಮಹತ್ವದ ಕೊಡುಗೆ. 2021ರಲ್ಲಿ ಗ್ರಹಾಂ ಹಾಗೂ ವಿಜ್ಞಾನಿಗಳಾದ ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರೊಂದಿಗೆ ಟೈಮ್ ಪತ್ರಿಕೆಯ ‘ವರ್ಷದ ವೀರರು’ ಗೌರವಕ್ಕೆ ಪಾತ್ರರಾದರು. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಸಹಾಯಕ ಪ್ರಾಧ್ಯಾಪಕರಾದರು.