ಒಂದೂರಿನ ಎರಡು ಮಾರುಕಟ್ಟೆಗಳು

ಬೆಂಗಳೂರು ಮೊದಲಿನಿಂದಲೂ ಒಂದೇ ಊರೆಂದು ಇಂದಿನ ಎಳೆಯರು ಎಣಿಸುವರು. ಆದರೆ 1881ರಿಂದ 1947ರವರೆಗೆ ಅದು ಎರಡು ಪ್ರಭುತ್ವಗಳ ಗಡಿಯ ಮೇಲೆ ನಿಂತಿದ್ದಿತು. ಪಶ್ಚಿಮದ ಪೇಟೆಯನ್ನು ಮೈಸೂರಿನ ಅರಸರು ಆಳುತ್ತಿದ್ದರು. ಹಲಸೂರನ್ನೂ ಇಂದಿನ ಶಿವಾಜಿನಗರವನ್ನೂ ಒಳಗೊಂಡ ದಂಡುಪ್ರದೇಶವು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದಿತು. 1862ರಲ್ಲಿಯೇ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಏರ್ಪಟ್ಟಿದ್ದುವು.

ವ್ಯಾಪಾರದ ವಿಷಯದಲ್ಲಿ ಈ ನೆರೆಹೊರೆಯವರು ನಡೆದ ದಾರಿ ಮಾತ್ರ ಒಂದೇ ಬಗೆಯದು. ಪೇಟೆಯಲ್ಲಿ 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯೂ ದಂಡಿನಲ್ಲಿ 1933ರಲ್ಲಿ ರಸೆಲ್ ಮಾರುಕಟ್ಟೆಯೂ ತೆರೆದುವು. ಚದರಿದ ಮಾರಾಟವನ್ನು ಒಂದು ಸೂರಿನಡಿಗೆ ತಂದು, ಮಳಿಗೆಗಳನ್ನು ಬಾಡಿಗೆಗೆ ಕೊಡುವುದೇ ಇವುಗಳ ಕ್ರಮ. ಇದರಿಂದ ಶುಚಿತ್ವವೂ ಅಳತೆಯ ಮೇಲಣ ಹಿಡಿತವೂ ಸುಲಭವಾಗುವುವು, ನಿಜ. ಆದರೆ ಮಳಿಗೆಯ ಒಡೆಯನೂ ಕಟ್ಟಳೆಯ ಕರ್ತನೂ ಒಬ್ಬನೇ ಆದಾಗ, ಹೊಸ ವರ್ತಕನಿಗೆ ಬಾಗಿಲನ್ನು ತೆರೆಯುವವರಾರು?

ಅಂದು ಇದಕ್ಕೆ ಒಂದು ಪರಿಹಾರವು ಊರಿನಲ್ಲಿಯೇ ಇದ್ದಿತು. ಪೂರ್ವದಲ್ಲಿ ಕೃಷ್ಣರಾಜಪುರದ ಕಡೆಯಿಂದ ಕಾಯಿಪಲ್ಯವನ್ನು ಹೊತ್ತು ತರುವ ಒಕ್ಕಲಿಗನ ಮುಂದೆ ಎರಡು ಬಾಗಿಲುಗಳಿದ್ದುವು. ಒಂದೆಡೆ ಬೆಲೆ ಒಗ್ಗದಿದ್ದರೆ ಇನ್ನೊಂದೆಡೆಗೆ ಗಾಡಿಯನ್ನು ತಿರುಗಿಸಬಹುದಾಗಿದ್ದಿತು. 1949ರಲ್ಲಿ ಎರಡು ಪುರಸಭೆಗಳೂ ಒಂದೇ ಕಾರ್ಪೊರೇಷನ್ನಿನಲ್ಲಿ ಲೀನವಾದುವು. ಕಟ್ಟಡಗಳು ಎರಡಾಗಿಯೇ ಉಳಿದುವು. ಒಡೆತನವು ಮಾತ್ರ ಒಂದಾಯಿತು. ಐಕ್ಯದಿಂದ ಊರಿಗೆ ಆದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಆದರೂ ನೆರೆಯವನ ಪೈಪೋಟಿಯು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಕಾಯಿದೆಯೇ ಮಾಡಬೇಕಾಯಿತು.

ದೇಶಗಳ ಮಟ್ಟದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಭಾರತವು 1969ರ ಕಾಯಿದೆಯಿಂದ ದೊಡ್ಡ ಉದ್ಯಮಮನೆತನಗಳ ಬೆಳವಣಿಗೆಗೇ ಕಡಿವಾಣ ಹಾಕಿತು. 2002ರಲ್ಲಿ ಅಂಗೀಕೃತವಾಗಿ 2009ರಲ್ಲಿ ಆಚರಣೆಗೆ ಬಂದ ಸ್ಪರ್ಧಾ ಕಾಯಿದೆಯಾದರೋ ಗಾತ್ರವನ್ನು ತಪ್ಪೆನ್ನದೆ, ಬಲದ ದುರುಪಯೋಗವನ್ನೂ ವರ್ತಕರ ಒಳಒಪ್ಪಂದಗಳನ್ನೂ ತಪ್ಪೆಂದಿತು. ಪಾಕಿಸ್ತಾನದ 1970ರ ಶಾಸನವನ್ನೇ ಬಾಂಗ್ಲಾದೇಶವೂ ಬಳುವಳಿಯಾಗಿ ಪಡೆದಿದ್ದಿತು. ಪಾಕಿಸ್ತಾನವು ಅದನ್ನು 2007ರಲ್ಲಿಯೂ ಬಾಂಗ್ಲಾದೇಶವು 2012ರಲ್ಲಿಯೂ ಕೈಬಿಟ್ಟು ಹೊಸ ಸ್ಪರ್ಧಾಶಾಸನಗಳನ್ನು ಮಾಡಿಕೊಂಡುವು. ಶ್ರೀಲಂಕೆಯು 2003ರಲ್ಲಿ ಸ್ಪರ್ಧೆಯ ರಕ್ಷಣೆಯನ್ನು ಬಳಕೆದಾರರ ರಕ್ಷಣೆಯೊಡನೆ ಒಂದೇ ಪ್ರಾಧಿಕಾರಕ್ಕೆ ಒಪ್ಪಿಸಿತು.

ಮಾರ್ಗಗಳು ಬೇರೆಯಾದರೂ ಒರೆಗಲ್ಲು ಒಂದೇ. ಒಂದು ಅಂಗಡಿಯಲ್ಲಿ ಮೋಸಹೋದವನಿಗೆ ಮತ್ತೊಂದು ಅಂಗಡಿಯುಂಟೇ? ದಂಡು ಪೇಟೆಗಳ ನಡುವೆ ಗಾಡಿ ತಿರುಗಿಸಬಲ್ಲವನಾಗಿದ್ದ ಒಕ್ಕಲಿಗನ ಸ್ವಾತಂತ್ರ್ಯವನ್ನು ಯಾವ ಕಾಯಿದೆಯು ಉಳಿಸಿಕೊಡುವುದೋ, ಅದೇ ಸಾರ್ಥಕವಾದ ಕಾಯಿದೆ.