ಬೀಳುವ ಇಟ್ಟಿಗೆಗಳ ಕಥೆ

ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರುತ್ತಿದ್ದ 'ಬ್ರಿಕ್ ಗೇಮ್' ನಿಮಗೆ ನೆನಪಿದೆಯೇ? ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಪೆನ್ಸಿಲ್ ಸೆಲ್ಲು, ಮೇಲಿಂದ ಉದುರುವ ಇಟ್ಟಿಗೆಗಳು. ಹುಡುಗರ ಕೈಯಿಂದ ಅದನ್ನು ಕಸಿದುಕೊಂಡ ಮಾಸ್ತರರಲ್ಲಿ ನಾನೂ ಒಬ್ಬ. ಆಮೇಲೆ ಸ್ಟಾಫ್ ರೂಮಿನಲ್ಲಿ ನಾವೇ ಆಡಿದ್ದೂ ಉಂಟು! ಆ ಆಟದ ಬೇರು ಹುಡುಕಿದರೆ ಮಾಸ್ಕೋಗೆ ಹೋಗಬೇಕು.

1984ರಲ್ಲಿ ಅಲ್ಲಿನ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬ ಸಂಶೋಧಕರಿದ್ದರು. ಐದೈದು ಚೌಕಗಳ ತುಂಡುಗಳನ್ನು ಪೆಟ್ಟಿಗೆಯಲ್ಲಿ ಹೊಂದಿಸುವ 'ಪೆಂಟೊಮಿನೊ' ಆಟ ಅವರಿಗೆ ಇಷ್ಟ. ಅದನ್ನು ಕಂಪ್ಯೂಟರಿಗೆ ತರಬೇಕೆಂದು ಹೊರಟರು. ಆದರೆ ಕೈಯಲ್ಲಿದ್ದ 'ಎಲೆಕ್ಟ್ರೋನಿಕಾ 60' ಯಂತ್ರದಲ್ಲಿ ಚಿತ್ರವೇ ಮೂಡುತ್ತಿರಲಿಲ್ಲ, ಬರೀ ಅಕ್ಷರ ಮತ್ತು ಚಿಹ್ನೆ. ಅವರು ಎರಡು ಆವರಣ ಚಿಹ್ನೆಗಳನ್ನು ಜೋಡಿಸಿ ಅದನ್ನೇ ಒಂದು ಚೌಕ ಎಂದರು! ಐದು ಚೌಕ ಹೆಚ್ಚಾಯಿತೆಂದು ನಾಲ್ಕಕ್ಕೆ ಇಳಿಸಿದರು. ಉಳಿದದ್ದು ಏಳೇ ಆಕಾರ. ಪರದೆ ಬೇಗ ತುಂಬಿ ಆಟ ಮುಗಿದುಹೋಗುತ್ತಿತ್ತು. ತುಂಬಿದ ಸಾಲನ್ನು ಅಳಿಸಿಬಿಟ್ಟರೆ? ಆ ಒಂದು ಯೋಚನೆಯಿಂದ ಟೆಟ್ರಿಸ್ ಹುಟ್ಟಿತು. ಗ್ರೀಕಿನಲ್ಲಿ ನಾಲ್ಕು ಎಂಬರ್ಥದ 'ಟೆಟ್ರಾ'ಕ್ಕೆ ತಮ್ಮ ಮೆಚ್ಚಿನ ಟೆನಿಸ್ ಸೇರಿಸಿ ಹೆಸರಿಟ್ಟರು.

ವಾದಿಮ್ ಗೆರಾಸಿಮೋವ್ ಎಂಬ 16ರ ಹುಡುಗ ಅದನ್ನು ಐಬಿಎಂ ಪಿಸಿಗೆ ತರಲು ನೆರವಾದ. ಫ್ಲಾಪಿಗಳಲ್ಲಿ ಆಟ ಕೈಯಿಂದ ಕೈಗೆ ಹರಡಿತು. 1989ರಲ್ಲಿ ನಿಂಟೆಂಡೊ ಕಂಪನಿ ತನ್ನ 'ಗೇಮ್ ಬಾಯ್' ಯಂತ್ರಕ್ಕಾಗಿ ತಂದ ಟೆಟ್ರಿಸ್ 3.5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. 1993ರಲ್ಲಿ ರಷ್ಯದ ಗಗನಯಾತ್ರಿಯೊಬ್ಬರು ಅದನ್ನು ಮಿರ್ ಅಂತರಿಕ್ಷ ನಿಲ್ದಾಣಕ್ಕೂ ಒಯ್ದರು. ಬೇಸರದ ಸಂಗತಿಯೆಂದರೆ, ಹಕ್ಕು ಸರ್ಕಾರದ ಕೈಯಲ್ಲಿದ್ದುದರಿಂದ ಪಜಿತ್ನೋವ್ ಅವರಿಗೆ ರಾಯಧನ ಬರತೊಡಗಿದ್ದು 1996ರಲ್ಲಿ. ಅಂದರೆ 12 ವರ್ಷ ತಡವಾಗಿ.

ಇಷ್ಟು ಕಾಲ ಇದು ಉಳಿದದ್ದು ಹೇಗೆ? ಇದರಲ್ಲಿ ರಾಜನಿಲ್ಲ, ರಾಕ್ಷಸನಿಲ್ಲ, ಕಥೆಯಿಲ್ಲ. ನಿಯಮ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ, ವೇಗ ಮಾತ್ರ ಏರುತ್ತಲೇ ಹೋಗುತ್ತದೆ. ಕೊನೆಗೆ ಸೋಲು ಖಚಿತ. ಎಷ್ಟು ಹೊತ್ತು ತಡೆದೆವು ಎಂಬುದೇ ಗೆಲುವು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 1989ರ ನಿಂಟೆಂಡೊ ಆವೃತ್ತಿಯನ್ನು ಎಷ್ಟು ದೂರ ಆಡಿದನೆಂದರೆ, ಅವನು ಸೋಲಲಿಲ್ಲ, ಆಟವೇ ನಿಂತುಹೋಯಿತು!

ನಮ್ಮ ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಕಂಪ್ಯೂಟರ್ ಮುಂದೆ ಕೂತರೆ ಇಂಗ್ಲಿಷ್. "ಸರ್, ನಮಗ ಇಂಗ್ಲಿಷ್ ಬರೂದಿಲ್ರಿ" ಅಂತ ಹಿಂದೆ ಸರಿಯುವವರು ಬಹಳ. ಅಂಥವರಿಗೆ ನಾನು ಮೊದಲು ತೋರಿಸುವುದು ಈ ಆಟವನ್ನೇ. ಇದಕ್ಕೆ ಯಾವ ಭಾಷೆಯೂ ಬೇಡ, ದೊಡ್ಡ ಯಂತ್ರವೂ ಬೇಡ. ಚಿತ್ರ ಮೂಡದ ಕಂಪ್ಯೂಟರಿನಲ್ಲಿ ಹುಟ್ಟಿದ ಆಟ ಎಂದು ಹೇಳಿದಾಗ, ಲ್ಯಾಬಿನ ಹಳೆಯ ಯಂತ್ರಗಳನ್ನು ಅವರು ನೋಡುವ ನೋಟವೇ ಬದಲಾಗುತ್ತದೆ.