ಚೀಟಿ, ಸಂಘ, ಸೊಸೈಟಿ: ಓಕಳಿಪುರಂ ಪರಿಸರದ ಅಲ್ಪಾದಾಯದವರ ಪರಸ್ಪರ ಸಹಾಯದ ಇತಿಹಾಸ

ಬೆಂಗಳೂರಿನ ಸಿಟಿ ರೈಲ್ವೆ ನಿಲ್ದಾಣದ ಬೆನ್ನಿಗಂಟಿಕೊಂಡು, ಹಳಿಗಳ ನಡುವೆ ಸಿಕ್ಕಿಕೊಂಡಂತಿರುವ ಓಕಳಿಪುರಂ ಇಂದಿನ ವಾಹನಸಂಚಾರಿಗಳಿಗೆ ಒಂದು ಕೆಳಸೇತುವೆಯ ಹೆಸರಾಗಿ ಮಾತ್ರ ಪರಿಚಿತವಾಗಿದೆಯಾದರೂ, ಈ ನಗರದ ಬಡವರು ತಮ್ಮ ಅಡಚಣೆಯ ಕಾಲವನ್ನು ಹೇಗೆ ದಾಟಿದರೆಂಬ ಚರಿತ್ರೆಯನ್ನು ಬರೆಯಹೊರಟವನು ಬಸವನಗುಡಿ ಮಲ್ಲೇಶ್ವರಗಳ ನೆರಳು ತುಂಬಿದ ಬೀದಿಗಳನ್ನು ಬಿಟ್ಟು ಇಲ್ಲಿಂದಲೇ ಆರಂಭಿಸತಕ್ಕದ್ದೆಂಬುದು ನನ್ನ ಅಭಿಮತ. ಮಲ್ಲೇಶ್ವರದ ಅಂಚಿನಲ್ಲಿ 1884ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ರಾಜಾ ಮಿಲ್ಲೆಂದೇ ನಿಂತ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್ಲು ಒಂದು ಕಡೆ. ಅದೇ ವರ್ಷ ಹುಟ್ಟಿ 1886ರಲ್ಲಿ ಬಿನ್ನಿ ಕಂಪನಿಯ ಕೈಸೇರಿದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಇನ್ನೊಂದು ಕಡೆ. ಇವೆರಡರ ಭೋಂಗಾದ ಸದ್ದಿಗೆ ಎದ್ದು ಮಲಗುತ್ತಿದ್ದ ಜನ ಓಕಳಿಪುರಂ, ಶ್ರೀರಾಮಪುರಂಗಳ ಸುತ್ತ ಮನೆ ಮಾಡಿಕೊಂಡರು.

1898ರ ಪ್ಲೇಗಿನ ತರುವಾಯ ಅನುಕೂಲವಂತರು ಹೊಸ ಬಡಾವಣೆಗಳಿಗೆ ಹೊರಟರು. ಕೂಲಿಯವರಿಗೆ ಆ ದಾರಿಯಿರಲಿಲ್ಲ. ಆ ಬಡಾವಣೆಗಳಲ್ಲಿ ನೆಲೆ ಕಂಡ ವಿದ್ಯಾವಂತ ಸಮಾಜವು ಕೈಕಟ್ಟಿ ಕುಳಿತಿತೆಂದೂ ಹೇಳಲಾಗದು. ನಿರ್ಗತಿಕ ಸ್ತ್ರೀಯರಿಗಾಗಿ 1905ರಲ್ಲಿ ಬಸವನಗುಡಿಯ ಅಬಲಾಶ್ರಮವೂ, ಸ್ತ್ರೀಶಿಕ್ಷಣಕ್ಕಾಗಿ 1913ರಲ್ಲಿ ಮಹಿಳಾ ಸೇವಾ ಸಮಾಜವೂ ತಲೆಯೆತ್ತಿದವು. ಆದರೆ ದಾನವು ಬಿದ್ದವರನ್ನು ಎತ್ತುತ್ತದೆಯೇ ಹೊರತು ತಿಂಗಳ ಇಪ್ಪತ್ತನೆಯ ತಾರೀಖಿನಿಂದ ಸಂಬಳದ ದಿನದವರೆಗೆ ಅಕ್ಕಿಯ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುವುದಿಲ್ಲ. ಬಡವನಿಗೆ ನಿತ್ಯವೂ ಬೇಕಾದದ್ದು ಆಶ್ರಮವಲ್ಲ, ಮರ್ಯಾದೆಯ ಬಡ್ಡಿಗೆ ಹುಟ್ಟುವ ಕೈಸಾಲ.

ಇದನ್ನೇ ಗುರಿಯಾಗಿಟ್ಟುಕೊಂಡದ್ದು ಸಹಕಾರ ಚಳವಳಿ. ಜರ್ಮನಿಯ ರೈಫೈಸನ್ನನ ಗ್ರಾಮಸಂಘಗಳ ಮಾದರಿಯನ್ನು ಮದರಾಸಿನಲ್ಲಿ ಫ್ರೆಡರಿಕ್ ನಿಕೋಲ್ಸನ್ನನು ವಿವರಿಸಿದ ಕೆಲ ವರ್ಷಗಳಲ್ಲೇ, ಬ್ರಿಟಿಷ್ ಇಂಡಿಯಾದಲ್ಲಿ 1904ರ ಶಾಸನವೂ ಮೈಸೂರು ಸಂಸ್ಥಾನದಲ್ಲಿ 1905ರ ಸಹಕಾರ ಸಂಘಗಳ ರೆಗ್ಯುಲೇಷನ್ನೂ ಜಾರಿಗೆ ಬಂದವು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವು 1905ರಲ್ಲಿ ನೋಂದಣಿಗೊಂಡಿತು. ಬೆಂಗಳೂರಿನಲ್ಲಿ 1907ರಲ್ಲಿ ಇಂದು ಚಾಮರಾಜಪೇಟೆಯಲ್ಲಿರುವ ಸಿಟಿ ಕೋ-ಆಪರೇಟಿವ್ ಬ್ಯಾಂಕೂ, 1909ರಲ್ಲಿ ಈ ದೇಶದ ಗೃಹನಿರ್ಮಾಣ ಸಹಕಾರ ಸಂಘಗಳಲ್ಲಿ ಮೊದಲನೆಯದೆಂದು ಗಣಿಸಲ್ಪಡುವ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯೂ ಹುಟ್ಟಿದವು. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿ ಗಮನಿಸಬೇಕು. ಕಣಗಿನಹಾಳದ ಸಂಘ ರೈತರದು; ನಮ್ಮ ಪೇಟೆಯ ಸೊಸೈಟಿಗಳಾದರೋ ಬಹುಮಟ್ಟಿಗೆ ಸಂಬಳದಾರರವು. ಷೇರು ಕೊಳ್ಳಬೇಕು, ಸದಸ್ಯರಿಬ್ಬರ ಜಾಮೀನು ತರಬೇಕು ಎಂಬ ನಿಯಮಗಳು ನ್ಯಾಯವಾದವುಗಳೇ ಆದರೂ, ಖಾಯಂ ಕೆಲಸವಿಲ್ಲದ ಬದಲಿ ಕಾರ್ಮಿಕನಿಗೆ ಜಾಮೀನು ನಿಲ್ಲುವವನು ಮತ್ತೊಬ್ಬ ಬದಲಿ ಕಾರ್ಮಿಕನಲ್ಲದೆ ಇನ್ನಾರು? ಹೀಗಾಗಿ ಬಡವರ ಹೆಸರಿನಲ್ಲಿ ಬಂದ ಶಾಸನದ ಫಲವನ್ನು ಗುಮಾಸ್ತರೂ ಉಪಾಧ್ಯಾಯರೂ ಮೊದಲು ಉಂಡರು. ಉಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅವರೂ ಉಳ್ಳವರೇನಲ್ಲ.

ಕಾರ್ಮಿಕ ಸಂಘಗಳ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಬ್ರಿಟಿಷ್ ಇಂಡಿಯಾದಲ್ಲಿ 1926ರಲ್ಲೇ ದೊರೆತ ಸಂಘಸ್ವಾತಂತ್ರ್ಯದ ಶಾಸನರಕ್ಷಣೆ ಮೈಸೂರಿನ ಗಿರಣಿ ಕೆಲಸಗಾರರಿಗೆ ದೊರೆಯಲು 1941-42ರ ಹೊತ್ತಾಯಿತು. ಅವರ ಪರವಾಗಿ ದುಡಿದ ವಕೀಲ ಕೆ. ಟಿ. ಭಾಷ್ಯಂ ಅವರ ಹೆಸರು ಇಂದು ಒಂದು ವೃತ್ತಕ್ಕೂ ಒಂದು ನಗರಕ್ಕೂ ಉಳಿದಿದೆ. ಯೂನಿಯನ್ನು ತಂದುಕೊಟ್ಟ ತುಟ್ಟಿಭತ್ಯೆ ಹಾಜರಿಪಟ್ಟಿಯಲ್ಲಿ ಹೆಸರಿದ್ದವನಿಗೆ ಸಂದಿತು. ಅವನ ಹೆಂಡತಿಗೂ, ನಿಲ್ದಾಣದ ಹಮಾಲಿಗೂ, ತಳ್ಳುಗಾಡಿಯವನಿಗೂ ಬೇರೆ ಆಸರೆ ಬೇಕಾಗಿತ್ತು.

ಆ ಆಸರೆಯೇ ಚೀಟಿ. ಇದನ್ನು ಚರಿತ್ರಕಾರರು ಅಲಕ್ಷಿಸಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇಪ್ಪತ್ತು ಮಂದಿ ಸೇರಿ ತಿಂಗಳಿಗೆ ತಲಾ 500 ರೂಪಾಯಿ ಹಾಕುವರೆಂದಿಟ್ಟುಕೊಳ್ಳಿ; ಕೂಡಿದ 10,000ವನ್ನು ಕೂಗಿಗೆ ಇಟ್ಟಾಗ, ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಮೇಲೆ ಬಿದ್ದವಳು 8,500ಕ್ಕೇ ಎತ್ತಿಕೊಂಡರೆ, ಅವಳು ಬಿಟ್ಟ 1,500 ಎಲ್ಲರಿಗೂ 75ರಂತೆ ಹಂಚಿಹೋಗಿ, ಆ ತಿಂಗಳ ಕಂತು 425ಕ್ಕೆ ಇಳಿಯುತ್ತದೆ. ಚೀಟಿ ನಡೆಸುವವಳ ಪಾಲನ್ನು ಈ ಲೆಕ್ಕದಲ್ಲಿ ನಾನು ಹಿಡಿದಿಲ್ಲ. ತುರ್ತಿದ್ದವಳು ಸಾಲಗಾರ್ತಿಯಾದಳು, ತಡೆದವಳು ಉಳಿತಾಯಗಾರ್ತಿಯಾದಳು, ಇವರಿಬ್ಬರ ಮಧ್ಯೆ ಬ್ಯಾಂಕೆಂಬುದು ಇಲ್ಲವೇ ಇಲ್ಲ. ಷೇರಿಲ್ಲ, ಜಾಮೀನುಪತ್ರವಿಲ್ಲ; ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು ಪರಸ್ಪರ ಮುಖ ನೋಡಬೇಕಾದ ದಾಕ್ಷಿಣ್ಯವೇ ಜಾಮೀನು. ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಯೂ ಇಲ್ಲ. ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಸಂಗತಿ ಬೆಂಗಳೂರಿನ ಯಾವ ಬೀದಿಗೂ ಹೊಸದಲ್ಲ. 1982ರಲ್ಲಿ ಚೀಟಿ ನಿಧಿಗಳಿಗೆಂದೇ ಕೇಂದ್ರ ಶಾಸನ ಬಂದ ಮೇಲೂ ವಠಾರದ ಚೀಟಿ ಅದರ ಹಂಗಿಗೆ ಒಳಗಾದದ್ದು ಕಡಮೆ. ಆದರೂ ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುವುದಕ್ಕಿಂತ ಇದು ಲೇಸೆಂದು ಹೆಂಗಸರು ನಿಶ್ಚಯಿಸಿದ್ದರಲ್ಲಿ ವಿವೇಕವಿತ್ತು.

1973ರ ಕೊಳಚೆ ಪ್ರದೇಶಗಳ ಶಾಸನದಿಂದ ಹಳಿಯಂಚಿನ ಗುಡಿಸಲುಗಳು ಸರ್ಕಾರದ ಕಡತವನ್ನು ಪ್ರವೇಶಿಸಿದವು. ತರುವಾಯ ಮೈರಾಡದಂತಹ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳನ್ನು 1992ರಲ್ಲಿ ನಬಾರ್ಡ್ ಬ್ಯಾಂಕುಗಳೊಡನೆ ಜೋಡಿಸಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಹತ್ತಿಪ್ಪತ್ತು ಹೆಂಗಸರು, ವಾರದ ಉಳಿತಾಯ, ನಡವಳಿ ಪುಸ್ತಕ, ಸಾಲ ಯಾರಿಗೆಂಬುದು ಗುಂಪಿನ ತೀರ್ಮಾನ: ಹೊಸ ಆವಿಷ್ಕಾರವೆಂಬಂತೆ ವರದಿಗಳು ವರ್ಣಿಸುವ ಈ ಪದ್ಧತಿಯಲ್ಲಿ ವಠಾರದ ಅಜ್ಜಿಯರು ಅಪರಿಚಿತವಾದದ್ದೇನನ್ನೂ ಕಾಣಲಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದರೆ ಇದೇ ದಾಕ್ಷಿಣ್ಯವನ್ನು ಮೈಕ್ರೋಫೈನಾನ್ಸ್ ಕಂಪನಿಗಳು ವಸೂಲಿಯ ಹತಾರವಾಗಿಸಿಕೊಂಡಾಗ, ಒಬ್ಬಳ ಕಂತು ತಪ್ಪಿದ್ದಕ್ಕೆ ಒಂಬತ್ತು ಮಂದಿ ಅವಳ ಬಾಗಿಲಲ್ಲಿ ನಿಲ್ಲುವಂತಾಯಿತು. ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹಣ ಒಳಗಿನದಾಗಿದ್ದಾಗ ದಾಕ್ಷಿಣ್ಯವು ರಕ್ಷಣೆ, ಹೊರಗಿನದಾದಾಗ ಅದೇ ಉರುಳು. ಇಷ್ಟು ವರ್ಷಗಳ ಈ ಚರಿತ್ರೆಯಿಂದ ನಾನು ತೆಗೆಯಬಲ್ಲ ನಿರ್ಣಯ ಇದೊಂದೇ.

ರಾಜಾ ಮಿಲ್ಲಿನ ನೆಲದಲ್ಲಿ ಇಂದು ಮಂತ್ರಿ ಮಾಲು ನಿಂತಿದೆ. ಇಂಥ ಬದಲಾವಣೆಯ ನಡುವೆಯೂ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿರುವುದರಿಂದ ಅವಕ್ಕೆ ಭಯವಿಲ್ಲ. ಚೀಟಿಯ ಲೆಕ್ಕ ಮಾತ್ರ ಅಡಿಗೆಮನೆಯ ಗೂಡಿನ ನೋಟುಬುಕ್ಕಿನಲ್ಲಿರುತ್ತದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಗಿರಣಿ ಸೊಸೈಟಿಯ ಪಾಸ್‌ಬುಕ್ಕೋ, ಅಜ್ಜಿಯ ಕೈಬರಹದ ಚೀಟಿ ಪುಸ್ತಕವೋ ಉಳಿದಿದ್ದಲ್ಲಿ, ದಯಮಾಡಿ ಅದನ್ನು ರದ್ದಿ ಅಂಗಡಿಗೆ ಹಾಕಬೇಡಿರಿ.